ಕೈ ನಡುಗಿದ ವರ್ಷ

ಮೊಮ್ಮಗಳು ಬಾಣಂತನಕ್ಕೆ ಬಂದಿದ್ದಾಳೆಂದು ಮೊನ್ನೆ ವಿಜಯಪುರದ ಅಥಣಿ ರಸ್ತೆಯ ಮಗಳ ಮನೆಗೆ ಹೋಗಿದ್ದೆ. ಕೂಸಿನ ನೆತ್ತಿಗೆ ತಟ್ಟಲು ಮಗಳು ಒಳಗೆ ಔಡಲೆಣ್ಣೆ ಬೆಚ್ಚಗೆ ಮಾಡುತ್ತಿದ್ದಳು. ಆ ಮಂದ ವಾಸನೆ ಪಡಸಾಲೆಯವರೆಗೆ ಬಂತು. ಸೋಸುತ್ತಿದ್ದ ಮೆಂತ್ಯಸೊಪ್ಪನ್ನು ಮೊರದಲ್ಲಿ ಬಿಟ್ಟು ಸುಮ್ಮನೆ ಕುಳಿತೆ. ಮಿಕ್ಕವರಿಗೆ ಅದು ಬಾಣಂತಿ ಕೋಣೆಯ ವಾಸನೆ. ನನಗೆ ಅದು ನನ್ನ ಗಂಡನ ಕೈಯ ವಾಸನೆ. ಬಬಲೇಶ್ವರದ ಮನೆಯ ಕಟ್ಟೆಯ ಮೇಲೆ ಕಾಲು ಚಾಚಿ ಕುಳಿತು ಅವರು ತಮ್ಮ ಆಟದ ಕೋಲುಗಳನ್ನು ಒಂದೊಂದಾಗಿ ತೊಡೆಯ ಮೇಲಿಟ್ಟುಕೊಂಡು, ಹಿಡಿಕೆಗೆ ಸುತ್ತಿದ ಚರ್ಮಕ್ಕೆ ಅರಿವೆಯಿಂದ ಔಡಲೆಣ್ಣೆ ಸವರುತ್ತಿದ್ದರು. ಚರ್ಮ ಒಣಗಿದರೆ ಕೈಯಲ್ಲಿ ನಿಲ್ಲುವುದಿಲ್ಲವಂತೆ. ನಾನು ಮದುವೆಯಾಗಿ ಆ ಮನೆಗೆ ಕಾಲಿಟ್ಟ ವರ್ಷ ದಿನವೂ ನೋಡಿದ ನೋಟ ಅದು.

ಎಪ್ಪತ್ತರ ದಶಕದ ನಡುವಿನ ಮಾತು. ನನ್ನ ತವರು ತಿಕೋಟಾ. ಅಪ್ಪನದು ಅಲ್ಲಿ ಕಾಳುಕಡಿಯ ವ್ಯಾಪಾರ. ಬಬಲೇಶ್ವರದ ಸಂಬಂಧ ತಂದವರು "ಹುಡಗ ಪುಣೇ ಕಡೆ ದೊಡ್ಡ ಕ್ಲಬ್ಬಿನ್ಯಾಗ ಅದಾನ್ರಿ, ಸಾಹೇಬ್ರ ಜೋಡಿ ಓಡಾಡ್ತಾನ" ಎಂದಷ್ಟೇ ಹೇಳಿದ್ದರು. ಅಪ್ಪನಿಗೆ ಅಷ್ಟು ಸಾಕಾಯಿತು. ಮನೆತನ ಒಳ್ಳೆಯದು, ಎರೆ ಹೊಲ, ಎತ್ತು, ದನಕರು. ಹುಡುಗ ಇಸ್ತ್ರಿ ಮಾಡಿದ ಪ್ಯಾಂಟು ಹಾಕಿಕೊಂಡು ಬಂದು ತಲೆ ತಗ್ಗಿಸಿ ಉಪ್ಪಿಟ್ಟು ತಿಂದು ಹೋಗಿದ್ದ. ಬಿಸಿಲು ಕಾದ ಹೆಂಚಿನಂತಿದ್ದ ದಿನಗಳಲ್ಲಿ ಮದುವೆಯಾಯಿತು.

ಮದುವೆಯಾಗಿ ಒಂದು ವಾರ ಕಳೆದ ಮೇಲೆ, ಮಧ್ಯಾಹ್ನ ಎಲ್ಲರೂ ಅಡ್ಡಾದಾಗ, ನಾನು ಧೈರ್ಯ ಮಾಡಿ ಕೇಳಿದೆ.

"ಕ್ಲಬ್ಬಿನ್ಯಾಗ ಏನ ಕೆಲಸ ಮಾಡ್ತೀರಿ?"

"ಗಾಲ್ಫ್ ಆಡ್ತೇನಿ."

"ಅದು ಕೆಲಸಾ ಮುಗದ ಮ್ಯಾಲ ಅಲ್ರಿ. ಕೆಲಸಾ ಏನಂತ ಕೇಳಿದೆ."

"ಅದ ಕೆಲಸಾ" ಎಂದರು.

ನಾನು ನಕ್ಕೆ. ಅವರು ನಗಲಿಲ್ಲ. ಎದ್ದು ಹೋಗಿ ಮೂಲೆಯಲ್ಲಿದ್ದ ಉದ್ದನೆಯ ಚರ್ಮದ ಚೀಲವನ್ನು ತಂದು ನನ್ನ ಮುಂದೆ ಬಿಚ್ಚಿದರು. ಮದುವೆಯ ದಿನದಿಂದ ನಾನದನ್ನು ಬಂದೂಕಿನ ಚೀಲವೆಂದೇ ತಿಳಿದಿದ್ದೆ. ಒಳಗಿದ್ದವು ಕೋಲುಗಳು. ಕೆಲವಕ್ಕೆ ತುದಿಯಲ್ಲಿ ಮಿರಿಮಿರಿ ಮಿಂಚುವ ಕಟ್ಟಿಗೆಯ ಗಡ್ಡೆ, ಕೆಲವಕ್ಕೆ ಕಬ್ಬಿಣದ ಮೊಗ. ಜೊತೆಗೆ ನಿಂಬೆಹಣ್ಣಿಗಿಂತ ತುಸು ದೊಡ್ಡದಾದ, ಸಿಡುಬಿನ ಕಲೆಯಂಥ ಗುಳಿಗಳಿದ್ದ ಬಿಳಿಯ ಚೆಂಡುಗಳು. ಚೆಂಡನ್ನು ಕೋಲಿನಿಂದ ಹೊಡೆಯುತ್ತ, ಬಲು ದೂರದ ಒಂದು ಸಣ್ಣ ಕುಳಿಗೆ ಅದನ್ನು ಹಾಕಬೇಕು. ಎಲ್ಲರಿಗಿಂತ ಕಡಿಮೆ ಏಟಿನಲ್ಲಿ ಹಾಕಿದವನು ಗೆದ್ದ. ಹುಡುಗರ ಚಿಣಿಕೋಲಾಟಕ್ಕಿಂತ ಸರಳ ಎನಿಸಿತು ನನಗೆ.

ಆ ಕ್ಲಬ್ಬಿನಲ್ಲಿ ಅವರ ಸೋದರಮಾವ ಮಾಲಿಯಾಗಿದ್ದ. ಸಣ್ಣವರಿದ್ದಾಗಲೇ ಅವನ ಜೊತೆ ಹೋದ ಇವರು ಸಾಹೇಬರ ಕೋಲಿನ ಚೀಲ ಹೊರುತ್ತ, ನೋಡುತ್ತ, ಮುರಿದ ಕೋಲಿನಿಂದ ಆಡುತ್ತ ಆಟ ಕಲಿತರು. ಆಮೇಲೆ ಅದೇ ಕ್ಲಬ್ಬು ಇವರನ್ನು ಸಾಹೇಬರಿಗೆ ಕಲಿಸಲು ಇಟ್ಟುಕೊಂಡಿತು. ಮುಂಜಾನೆ ಕಲಿಸುವುದು, ಚಳಿಗಾಲದಲ್ಲಿ ಕಲ್ಕತ್ತಾ, ದಿಲ್ಲಿ, ಮುಂಬಯಿ ಎಂದು ಪಂದ್ಯಗಳಿಗೆ ಹೋಗುವುದು. ಇಂಥವರಿಗೆ ಪ್ರೊಫೆಷನಲ್ ಅನ್ನುತ್ತಾರಂತೆ. ಸಾಹೇಬನ ಮೊಣಕೈ ಹಿಡಿದು ತಿದ್ದಬಹುದು, ಅವನೊಡನೆ ಹುಲ್ಲಿನ ಮೇಲೆ ನಡೆಯಬಹುದು. ಆದರೆ ಆಟ ಮುಗಿದ ಮೇಲೆ ಅವನು ಮೆಟ್ಟಿಲು ಹತ್ತಿ ಒಳಗೆ ಚಹಾಕ್ಕೆ ಹೋದರೆ ಇವರು ಹಿಂದಿನ ಕೋಣೆಗೆ ಹೋಗಬೇಕು. ಇದನ್ನು ಅವರು ಬೇಸರದಿಂದೇನೂ ಹೇಳಲಿಲ್ಲ. ಮಳೆ ಇಂಥ ತಿಂಗಳಲ್ಲಿ ಬರುತ್ತದೆ ಎನ್ನುವಂತೆ ಹೇಳಿದರು.

ರಜೆ ಮುಗಿದರೆ ಅವರು ಹೊರಡಬೇಕಿತ್ತು, ಮನೆ ಸಿಕ್ಕ ಮೇಲೆ ನನ್ನನ್ನು ಕರೆಸಿಕೊಳ್ಳಬೇಕಿತ್ತು. ಜೂನಿನ ಮಿರಗದ ಮಳೆ ಬಂತು, ಹೋಯಿತು. ಅವರು ಹೊರಡಲಿಲ್ಲ. ಬೆಳಗಾಗುತ್ತಲೇ ಚೀಲ ಹೆಗಲಿಗೇರಿಸಿ ಜೈನಾಪುರದ ದಿಕ್ಕಿಗಿದ್ದ ನಮ್ಮ ಕಲ್ಲುಹೊಲಕ್ಕೆ ನಡೆಯುತ್ತಿದ್ದರು. ಅದು ಉಳುಮೆಗೆ ಬಾರದ ಗರಸಿನ ದಿಬ್ಬ, ಕುರಿ ಮೇಯಲಷ್ಟೇ ಲಾಯಕ್ಕು. ಅಲ್ಲಿ ನಿಂತು ಚೆಂಡು ಹೊಡೆಯುತ್ತಿದ್ದರು. ಚೆಂಡು ಆಕಾಶಕ್ಕೇರಿ, ಕಣ್ಣಿಗೆ ಕಾಣದಂತಾಗಿ, ಎಷ್ಟೋ ಹೊತ್ತಿಗೆ ಆಚೆ ಹೊಲದ ಬದುವಿನ ಹತ್ತಿರ ಬೀಳುತ್ತಿತ್ತು. ಒಮ್ಮೊಮ್ಮೆ ಎರೆಭೂಮಿಯ ಬಿರುಕಿನೊಳಗೆ ಇಳಿದು ಸಿಕ್ಕುತ್ತಲೇ ಇರಲಿಲ್ಲ. ಕುರಿ ಕಾಯುವವರು ಬಡಿಗೆಗೆ ಗದ್ದ ಊರಿ ನೋಡುತ್ತಿದ್ದರು. ಊರಲ್ಲಿ ಅವರಿಗೆ ಒಂಥರ ಹೆಸರೇ ಆಯಿತು. "ಸಿದ್ದಪ್ಪ ಹೊಡದ್ರ ಚಂಡು ಜೈನಾಪುರದಾಗ ಬೀಳ್ತೈತಿ" ಎಂದು ಬಸ್ಸಿನ ಕಟ್ಟೆಯಲ್ಲಿ ಮಾತಾಡುತ್ತಿದ್ದರು.

ಮಾವ ಮಾತ್ರ ಏನೂ ಅನ್ನುತ್ತಿರಲಿಲ್ಲ. ಮಾತು ಕಡಿಮೆಯ ಮನುಷ್ಯ. ಬಿತ್ತನೆಯ ದಿನಗಳಲ್ಲಿ ಮಗ ಕೋಲು ಹೊತ್ತು ಅಂಗಳ ದಾಟುವಾಗ ಎತ್ತಿನ ಕೊರಳಿನ ಹಗ್ಗ ಸರಿ ಮಾಡುತ್ತ ಬೇರೆ ಕಡೆ ನೋಡುತ್ತಿದ್ದರು. ಬೈದಿದ್ದರೆ ಹಗುರಾಗುತ್ತಿತ್ತು. ಅತ್ತೆ ರೊಟ್ಟಿಯ ಗಂಟು ಕಟ್ಟಿಕೊಟ್ಟು "ಬಿಸಲ ಏರೂದರಾಗ ಬಾ" ಎಂದು ಅಷ್ಟೇ ಹೇಳುತ್ತಿದ್ದರು.

ಪಂಚಮಿಗೆ ಅಪ್ಪ ನನ್ನನ್ನು ತಿಕೋಟಾಕ್ಕೆ ಕರೆದುಕೊಂಡು ಹೋದ. ಜೋಕಾಲಿ ಕಟ್ಟಿದ್ದರು, ಉಂಡಿ ಕಟ್ಟಿದ್ದರು. ಗೆಳತಿಯರು ಗಂಡಂದಿರ ಕೆಲಸ ಹೇಳಿಕೊಳ್ಳುತ್ತಿದ್ದರು. ಒಬ್ಬಳ ಗಂಡ ಮಾಸ್ತರ, ಇನ್ನೊಬ್ಬಳ ಗಂಡ ಪಂಪು ರಿಪೇರಿ. ನನ್ನನ್ನು ಕೇಳಿದಾಗ "ಕ್ಲಬ್ಬಿನ್ಯಾಗ ಅದಾರ" ಎಂದು ಜೋಕಾಲಿ ಜೋರಾಗಿ ಜೀಕಿದೆ. ಹಬ್ಬ ಮುಗಿದು ಹೊರಡುವ ಹಿಂದಿನ ದಿನ ಅಪ್ಪ ಅಂಗಡಿಯಿಂದ ಬೇಗ ಬಂದು ನನ್ನ ಹತ್ತಿರ ಕುಳಿತ.

"ಯವ್ವಾ, ಅಳಿಯಾ ಮನ್ಯಾಗ ಕುಂತಾನಂತಲ್ಲ, ಖರೇ ಏನ?"

"ಕುಂತಿಲ್ಲಪ್ಪಾ. ದಿನಾ ಹೊಲಕ್ಕ ಹೋಗ್ತಾರ."

"ಹೊಲಕ್ಕ ಹೋಗಿ ಚಂಡಾಡ್ತಾನಂತ. ಸಂತ್ಯಾಗ ನನ್ನ ಮುಂದ ಒಬ್ಬಾಂವ ನಕ್ಕ ಹೇಳಿದ." ಅಪ್ಪನ ದನಿ ಸಣ್ಣದಾಗಿತ್ತು. "ಅವ ಕೆಲಸಕ್ಕ ಹೋಗೂತನಾ ನೀ ಇಲ್ಲೇ ಇರು. ನಾ ಬೀಗರಿಗಿ ಹೇಳ್ತೇನಿ. ಹೊಟ್ಟಿ ತುಂಬ ಉಂಡು ನಿಮ್ಮವ್ವನ ಜೋಡಿ ಇರು."

ಅಪ್ಪ ಅದನ್ನು ಪ್ರೀತಿಯಿಂದಲೇ ಹೇಳಿದ. ಒಂದು ಗಳಿಗೆ ಇದ್ದುಬಿಡೋಣ ಎಂದೂ ಅನಿಸಿತು. ಆದರೆ ಸಂತೆಯಲ್ಲಿ ನಕ್ಕ ಆ ಕಾಣದ ಮನುಷ್ಯನ ಮೇಲೆ ನನಗೆ ಎಲ್ಲಿಲ್ಲದ ಸಿಟ್ಟು ಬಂದಿತ್ತು. ಆ ಸಿಟ್ಟಿನಲ್ಲೇ ನನಗೆ ಗೊತ್ತಾಯಿತು, ನಾನು ಆಗಲೇ ಬಬಲೇಶ್ವರದವಳಾಗಿದ್ದೇನೆ ಎಂದು. ಮರುದಿನ ಬಸ್ಸು ಹತ್ತಿದೆ.

ಮಳೆಗಾಲ ಕಳೆಯುವ ಹೊತ್ತಿಗೆ ಅವರಿಗೆ ಹೊಸದೊಂದು ಹುಚ್ಚು ಹತ್ತಿತು. ಕುಳಿಯ ಸುತ್ತ ನೆಲ ನುಣ್ಣಗಿರಬೇಕು, ಅಲ್ಲೇ ಆಟದ ಜೀವ ಇರುವುದು ಎನ್ನುತ್ತಿದ್ದರು. ಕ್ಲಬ್ಬಿನಲ್ಲಿ ಅದಕ್ಕೆ ರೇಷ್ಮೆಯಂಥ ಹುಲ್ಲು ಬೆಳೆಸುತ್ತಾರಂತೆ. ನಮ್ಮ ಕಡೆ ಹುಲ್ಲೆಲ್ಲಿಯದು. ಒಣ ಸೀಮೆಯಲ್ಲಿ ಉಸುಕಿಗೆ ಎಣ್ಣೆ ಕಲಸಿ ಗಟ್ಟಿ ಮಾಡಿ ಆಡುವ ರೂಢಿಯೂ ಉಂಟಂತೆ. ಅಂತೂ ಒಂದು ದಿನ ನನಗೆ ಕುಪ್ಪಸದ ಕಣ ಕೊಡಿಸುವ ನೆಪದಲ್ಲಿ ಬಿಜಾಪುರಕ್ಕೆ ಕರೆದುಕೊಂಡು ಹೋದರು. ಆಗ ವಿಜಯಪುರ ನಮ್ಮ ಬಾಯಲ್ಲಿ ಬಿಜಾಪುರವೇ. ಕಣ ಕೊಂಡದ್ದು ಗಳಿಗೆಯಲ್ಲಿ ಮುಗಿಯಿತು. ಆಮೇಲೆ ಸೊಲ್ಲಾಪುರ ರಸ್ತೆಯ ಗ್ಯಾರೇಜುಗಳ ಮುಂದೆ ನನ್ನನ್ನು ಹೊಸ ಸೀರೆಯಲ್ಲಿ ನಿಲ್ಲಿಸಿ, ಲಾರಿಯಿಂದ ಇಳಿಸಿದ ಕರಿ ಎಣ್ಣೆ ಕೇಳುತ್ತ ಹೋದರು.

"ನಿಮ್ಮ ಕಡೆ ಯಾವ ಗಾಡಿ ಐತ್ರಿ?" ಎಂದು ಮೇಸ್ತ್ರಿ ಕೇಳಿದ.

"ಗಾಡಿ ಇಲ್ರಿ. ಉಸುಕಿಗಿ ಹಾಕಬೇಕು."

ಮೇಸ್ತ್ರಿ ಅವರನ್ನು ಬಿಟ್ಟು ನನ್ನನ್ನು ನೋಡಿದ. ಆ ನೋಟದಲ್ಲಿದ್ದ ಮರುಕ ಇನ್ನೂ ನೆನಪಿದೆ. ಡಬ್ಬಿ ತುಂಬಿಸಿ ಕೊಟ್ಟ. ಬಸ್ಸಿನಲ್ಲಿ ಅದು ತುಳುಕಿ ನನ್ನ ಸೀರೆಯ ಅಂಚಿಗೆ ಕಲೆಯಾಯಿತು. ಎಷ್ಟು ಒಗೆದರೂ ಹೋಗಲಿಲ್ಲ. ಮರುದಿನವೇ ಅವರು ದಿಬ್ಬದ ಮೇಲೆ ಉಸುಕಿಗೆ ಆ ಎಣ್ಣೆ ಕಲಸಿ, ಬಡಿದು, ಕಣದಂತೆ ನುಣ್ಣಗೆ ಮಾಡಿ ನಡುವೆ ಒಂದು ಕುಳಿ ತೋಡಿದರು.

ಎಳ್ಳ ಅಮಾವಾಸ್ಯೆ ಬಂತು. ಆ ದಿನ ನಮ್ಮ ಕಡೆ ಊರಿಗೆ ಊರೇ ಹೊಲದಲ್ಲಿರುತ್ತದೆ. ಬಂಡಿ ಕಟ್ಟಿಕೊಂಡು, ಸಜ್ಜೆ ರೊಟ್ಟಿ, ಎಣಗಾಯಿ ಪಲ್ಯ, ಹೋಳಿಗೆ, ಮೊಸರು ಕಟ್ಟಿಕೊಂಡು ಹೋಗಿ, ಬನ್ನಿಗಿಡದ ಬುಡದಲ್ಲಿ ಪೂಜೆ ಮಾಡಿ, ಎದೆಯುದ್ದ ನಿಂತ ಬಿಳಿಜೋಳದ ನಡುವೆ ಭೂತಾಯಿಗೆ ಎಡೆಯಾಗಿ ಚರಗ ಚೆಲ್ಲಿ ಉಣ್ಣುವುದು. ಊಟವಾದ ಮೇಲೆ ನೆರೆಹೊಲದವರೆಲ್ಲ ನಮ್ಮ ಕಲ್ಲುದಿಬ್ಬಕ್ಕೆ ಬಂದರು. ಒಂದೇ ಒಂದು ಹೊಡೆದು ತೋರಿಸಲಿ ಎಂದು ಅವರ ಆಸೆ. ಇವರು ಹೊಡೆದರು. ಚೆಂಡು ಜೋಳದ ತೆನೆಗಳ ಮೇಲೆ ಹಾಯ್ದು ಹೋದದ್ದನ್ನು ಕಂಡು ಮುದುಕರೂ ಬಾಯಿಗೆ ಕೈ ಹಚ್ಚಿದರು. ನನಗೂ ಹೆಮ್ಮೆಯಾಗಿ ಸೆರಗು ಸರಿ ಮಾಡಿಕೊಂಡೆ.

ಆಗ ಮಾವ ಬಂದು ಆ ಎಣ್ಣೆ ಉಸುಕಿನ ಕಣದ ಅಂಚಿಗೆ ನಿಂತರು. ಇಷ್ಟು ತಿಂಗಳಲ್ಲಿ ಅವರು ಅಲ್ಲಿಗೆ ಬಂದದ್ದು ಅದೇ ಮೊದಲು. ನಡುವಿನ ಕುಳಿಯನ್ನು ನೋಡಿ ಒಂದು ಚೆಂಡು ತೆಗೆದುಕೊಂಡು ಕುಳಿಯಿಂದ ಒಂದು ಮೊಳದಾಚೆ ಇಟ್ಟರು.

"ದೂರದ್ದು ನೋಡಿದ್ವಿ. ಇದನ್ನ ಹಾಕು" ಎಂದರು. ಕೆಣಕುವ ಮಾತೇನಲ್ಲ, ತಿಳಿಯುವ ಆಸೆಯಿಂದಲೇ ಕೇಳಿದ್ದು. ಮಕ್ಕಳು ಕಾಲಲ್ಲೇ ಒದ್ದು ಹಾಕಬಹುದಾದ ದೂರ.

ಇವರು ಚೀಲದಿಂದ ಸಣ್ಣ ಕೋಲು ತೆಗೆದು ಬಗ್ಗಿ ನಿಂತರು. ಬಹಳ ಹೊತ್ತು ನಿಂತರು. ಕೋಲು ಹಿಂದಕ್ಕೆ ಸರಿಯಿತು. ಮುಂದೆ ಬರುವಾಗ ಬಲಗೈ ಮಣಿಕಟ್ಟು ಚೇಳು ಕಡಿದಂತೆ ಜಿಗಿಯಿತು. ಚೆಂಡು ಕುಳಿಯ ಪಕ್ಕದಲ್ಲಿ ಹಾದು ಆಚೆ ಹೋಯಿತು. ಮಂದಿ ನಕ್ಕರು, ಚೇಷ್ಟೆಗೆ ಮಾಡಿದರೆಂದು ತಿಳಿದು. ಮಾವ ಚೆಂಡನ್ನು ಮತ್ತೆ ಅಲ್ಲೇ ತಂದಿಟ್ಟರು. ಈ ಸಲವೂ ಬೀಳಲಿಲ್ಲ. ಈಗ ನಗು ಬೇರೆ ಥರ ಇತ್ತು. ಇವರು ಕೋಲನ್ನು ಚೀಲದಲ್ಲಿಟ್ಟು, ಚೀಲ ಹೊತ್ತು, ಯಾರ ಮುಖವನ್ನೂ ನೋಡದೆ ಜೋಳದ ನಡುವಿನ ಕಾಲುದಾರಿಯಲ್ಲಿ ಊರ ಕಡೆ ಹೋದರು. ಮಾವ ಕುಳಿಯ ಹತ್ತಿರ ಒಬ್ಬರೇ ನಿಂತಿದ್ದರು. ಅವರು ನಕ್ಕಿರಲಿಲ್ಲ.

ಮರುದಿನ ಮುಂಜಾನೆ ನಾನು ರೊಟ್ಟಿಯ ಗಂಟು ಹಿಡಿದು ಅವರ ಹಿಂದೆ ಹೊಲಕ್ಕೆ ಹೋದೆ. ಬ್ಯಾಡ ಎನ್ನಲಿಲ್ಲ. ದಿಬ್ಬದ ಬಂಡೆಯೊಂದರ ಮೇಲೆ ಕುಳಿತೆವು. ಇಬ್ಬನಿ ಇನ್ನೂ ಆರಿರಲಿಲ್ಲ. ಕೇಳದಿದ್ದರೂ ಅವರೇ ಹೇಳಿದರು.

ಹಿಂದಿನ ವರ್ಷ ದಿಲ್ಲಿಯಲ್ಲಿ ಪಂದ್ಯ. ಕೊನೆಯ ದಿನ, ಕೊನೆಯ ಕುಳಿ. ಒಂದು ಮೊಳದ ಏಟು ಉಳಿದಿತ್ತು, ಬಿದ್ದರೆ ಗೆದ್ದಂತೆ. ಸುತ್ತ ಮಂದಿ ಉಸಿರು ಹಿಡಿದು ನಿಂತಿದ್ದರು.

"ಕೈಯಾಗ ಯಾರೋ ಚೂಟಿದಂಗಾತು. ನಾ ಹೊಡೀಲಿಲ್ಲ, ಕೈ ತಾನ ಹೊಡೀತು. ಅವತ್ತಿನಿಂದ ಸಣ್ಣ ಏಟ ಅಂದ್ರ ಹಿಂಗ. ಡಾಕ್ಟರಿಗಿ ತೋರಿಸಿದೆ, ಕೈಗಿ ಏನೂ ಆಗಿಲ್ಲ ಅಂದ್ರು. ಸಾಹೇಬ್ರಿಗಿ ಕಲಸೂ ಮುಂದ ಒಮ್ಮಿ ಹಿಂಗ ಆತು. ಅವ್ರು ನಗಲಿಲ್ಲ. ಮಾರಿ ಆಚೆ ತಿರಿವಿದ್ರು. ಅದಕ ರಜಾ ಹಾಕಿ ಊರಿಗಿ ಬಂದೆ."

"ಹಂಗಂದ್ರ ಮದಿವಿ ನೆಪಾ ಏನ್ರಿ?"

"ಮೊದಲ ನೆಪಾನ ಆಗಿತ್ತು" ಎಂದರು. ಸುಳ್ಳು ಹೇಳದ ಗಂಡ ಸಿಕ್ಕಿದ್ದಾನೆ ಎಂದು ಆವತ್ತು ನನಗೆ ಅನಿಸಿತು. ನೋವೂ ಆಯಿತು.

"ಆಟಾನ ಹೌದಲ್ರಿ. ಇಷ್ಟ ತ್ರಾಸ ಆದ್ರ ಬಿಡಬಾರದ?"

ಅವರು ಜೋಳದ ಕಡೆ ಮುಖ ಮಾಡಿ ಹೇಳಿದರು. "ಸಾಹೇಬ್ರೂ ಆಡ್ತಾರ, ನಾನೂ ಆಡ್ತೇನಿ. ಮನಸ್ಸ ಬರದ ದಿನಾ ಅವ್ರು ಬಿಡ್ತಾರ, ಮನಿಗಿ ಹೋಗ್ತಾರ. ನನಗ ಬಿಡಾಕ ಬರೂದಿಲ್ಲ. ಜ್ವರಾ ಬರ್ಲಿ, ಅಂಜಿಕಿ ಬರ್ಲಿ, ಮಂದಿ ಮುಂದ ನಿಂತು ಹೊಡೀಬೇಕು. ಅವರಿಗೂ ನನಗೂ ಅಷ್ಟ ಫರಕ್."

ಅವರ ಮನಸ್ಸು ಬೇರೆ ಕಡೆಗೆ ಹೊರಳಲಿ ಎಂದು ನಾನು ಆ ಸಣ್ಣ ಕೋಲು ಎತ್ತಿಕೊಂಡು ನನಗೂ ಕಲಿಸಿರಿ ಎಂದೆ. ಕಸಬರಿಗೆ ಹಿಡಿದು ಅಭ್ಯಾಸವಾದ ಕೈ. ಎಡಗೈ ಕೆಳಗೆ, ಬಲಗೈ ಮೇಲೆ ಹಿಡಿದೆ. ಅದು ತಿರುಗಾಮುರುಗಾ ಎಂದು ತಿದ್ದಿದರು. ಮತ್ತೆ ಹಾಗೆಯೇ ಹಿಡಿದೆ. ಆ ಮುಂಜಾನೆ ಅವರು ನಕ್ಕದ್ದನ್ನು ಬಹಳ ದಿನದ ಮೇಲೆ ಕಂಡೆ. ಅಂದಿನಿಂದ ಅಡುಗೆ ಕೆಲಸ ಮುಗಿಸಿ ನಾನೂ ಹೋಗತೊಡಗಿದೆ. ನನ್ನ ಚೆಂಡು ಒಮ್ಮೆ ಬಿದ್ದರೆ ಐದಾರು ಸಲ ಬೀಳುತ್ತಿರಲಿಲ್ಲ. ಆದರೆ ನನ್ನ ಕೈಗೆ ಅಂಜಿಕೆ ಇರಲಿಲ್ಲ. ಬಿದ್ದರೆಷ್ಟು, ಬಿಟ್ಟರೆಷ್ಟು.

ಸಂಕ್ರಮಣ ಕಳೆದ ಮೇಲೆ ಒಂದು ದಿನ ನಾನು ಹೋದದ್ದು ತಡವಾಯಿತು. ದೂರದಿಂದಲೇ ಕಂಡೆ. ಅವರು ಕೋಲನ್ನು ನನ್ನಂತೆ ಹಿಡಿದು ನಿಂತಿದ್ದರು. ಎಡಗೈ ಕೆಳಗೆ. ಹೊಡೆದರು, ಬಿತ್ತು. ಮತ್ತೆ ಹೊಡೆದರು, ಬಿತ್ತು. ಮೂರನೆಯದು ತಪ್ಪಿತು. ನನ್ನ ಹೆಜ್ಜೆಯ ಸಪ್ಪಳ ಕೇಳಿ ಗಡಬಡಿಸಿ ಕೈ ಬದಲಿಸಿದರು, ಕಳ್ಳತನದಲ್ಲಿ ಸಿಕ್ಕವರಂತೆ.

"ಬೀಳಾಕತ್ತಿತ್ತಲ್ರಿ. ಯಾಕ ಬಿಟ್ರಿ?"

"ಹಿಂಗ ಹಿಡದು ಆಡಿದ್ರ ಮಂದಿ ನಗ್ತಾರ. ಇಂವಾ ಕಲಸಾಂವ, ಕೋಲ ಹಿಡಿಯಾಕ ಬರೂದಿಲ್ಲಂತಾರ."

"ಈಗೇನ ನಗಾಕತ್ತಿಲ್ಲೇನ್ರಿ?"

ಹೇಳಿದ ಮೇಲೆ ನಾಲಿಗೆ ಕಚ್ಚಿಕೊಂಡೆ. ಅವರು ಬಗ್ಗಿ ಚೆಂಡುಗಳನ್ನು ಆರಿಸತೊಡಗಿದರು. ಆದರೆ ಮರುದಿನದಿಂದ ನನ್ನೆದುರಿಗೇ ಹಾಗೆ ಹಿಡಿದು ಆಡತೊಡಗಿದರು. ಕೈ ಜಿಗಿಯುವುದು ನಿಂತಿತೆಂದಲ್ಲ. ನಾಲ್ಕು ದಿನ ಸರಿಯಿದ್ದು ಐದನೆಯ ದಿನ ಮತ್ತೆ ಚೂಟುತ್ತಿತ್ತು. ಆ ದಿನಗಳಲ್ಲಿ ಅವರ ಹತ್ತಿರ ಹೋಗುವುದೇ ಬೇಡ ಅನಿಸುವಷ್ಟು ಮುಖ ಗಂಟಿಕ್ಕಿರುತ್ತಿತ್ತು.

ಜೋಳ ಕೊಯ್ಲಿಗೆ ಬಂದಾಗ ಅವರು ಕಲ್ಕತ್ತಾದ ಪಂದ್ಯಕ್ಕೆ ಹೆಸರು ಕೊಟ್ಟಿದ್ದೇನೆ ಎಂದರು. ಮನೆಯಲ್ಲಿ ಆವತ್ತು ಮಾವ ಬಾಯಿ ಬಿಟ್ಟರು. ಊಟಕ್ಕೆ ಕುಳಿತಿದ್ದರು, ನಾನು ಬಡಿಸುತ್ತಿದ್ದೆ.

"ಸುಗ್ಗಿ ಬಿಟ್ಟ ಹೊಂಟೀದಿ. ಹೋಗು. ಇದೊಂದ ಸಲ. ಬಿಜಾಪುರದಾಗ ಅಥಣಿ ರಸ್ತೇಕ ಬೀಜದ ಅಂಗಡಿ ಹಾಕೂದಂತ ನಿಮ್ಮ ಕಾಕಾನ ಜೋಡಿ ಮಾತಾಡೇನಿ. ಗೆದ್ರ ನಿನ್ನ ದಾರಿ ನಿನಗ. ಇಲ್ಲಂದ್ರ ಉಗಾದಿ ಪಾಡ್ಯಾಕ ಅಂಗಡ್ಯಾಗ ಕುಂಡ್ರಬೇಕು. ಮನೀಗಿ ಬಂದ ಹುಡಿಗಿ ಮುಖಾ ನೋಡು."

"ಆತಪ್ಪಾ" ಎಂದರು ಇವರು. ಮಾವನ ಮಾತಿನಲ್ಲಿ ಅನ್ಯಾಯವೇನೂ ಇರಲಿಲ್ಲ. ಅದಕ್ಕೇ ಯಾರಿಗೂ ಎದುರಾಡಲು ಆಗಲಿಲ್ಲ.

ಬಿಜಾಪುರದ ಸ್ಟೇಶನ್ನಿನಿಂದ ಅವರು ರೈಲು ಹತ್ತಿದರು. ನಾನು ಹೋಗಲಿಲ್ಲ. ಹೊಸ ಸೊಸೆ ಗಂಡನನ್ನು ಕಳಿಸಲು ಸ್ಟೇಶನ್ನಿಗೆ ಹೋಗುವ ಕಾಲ ಅದಲ್ಲ. ಹೊರಡುವಾಗ ಬಾಗಿಲಲ್ಲಿ ನಿಂತು "ಹೆಂಗ ಹಿಡೀತೀರಿ?" ಎಂದು ಮೆಲ್ಲಗೆ ಕೇಳಿದೆ. "ನೋಡೂಣು" ಎಂದು ಹೋದರು.

ಆ ದಿನಗಳು ನನಗೆ ಕಣದ ಧೂಳಿನೊಂದಿಗೆ ನೆನಪಿಗೆ ಬರುತ್ತವೆ. ರಾಶಿಯ ಕೆಲಸ ಭರದಿಂದ ನಡೆದಿತ್ತು. ತೆನೆ ಮುರಿದು, ಕಣದಲ್ಲಿ ಎತ್ತು ತಿರುಗಿಸಿ, ಗಾಳಿಗೆ ತೂರುವುದು. ಹೊಟ್ಟು ಕಣ್ಣಿಗೆ, ಕುತ್ತಿಗೆಗೆ ಅಂಟಿ ತುರಿಸುತ್ತಿತ್ತು. ಬಿಸಿಲು ದಿನದಿನಕ್ಕೆ ಬಿಳಿಯಾಗುತ್ತಿತ್ತು. ಸುದ್ದಿಯೇನೂ ಇರಲಿಲ್ಲ, ಯಾವ ದಾರಿಯಲ್ಲಿ ಬರಬೇಕು. ನೀರಿಗೆ ಹೋದಾಗ ಹೆಣ್ಣುಮಕ್ಕಳು "ನಿನ್ನ ಗಂಡ ಗೆದ್ದನೇನಬೇ?" ಎಂದು ಕೇಳುತ್ತಿದ್ದರು. ಗೊತ್ತಿಲ್ಲ ಎನ್ನುತ್ತಿದ್ದೆ. ಒಂದು ದಿನ ಮಾವ ಒಬ್ಬರೇ ಕಲ್ಲುದಿಬ್ಬದ ಕಡೆಯಿಂದ ಬರುವುದನ್ನು ಕಂಡೆ. ಅಲ್ಲಿ ಅವರಿಗೇನು ಕೆಲಸವಿತ್ತೋ ನಾನು ಕೇಳಲಿಲ್ಲ.

ಉಗಾದಿ ಇನ್ನೂ ಬಂದಿರಲಿಲ್ಲ, ಬೇವು ಹೂ ಬಿಟ್ಟಿತ್ತು. ಮಧ್ಯಾಹ್ನದ ಬಸ್ಸಿಗೆ ಅವರು ಬಂದರು. ಹೆಗಲಿಗೆ ಚೀಲ, ಮುಖ ಕಪ್ಪಿಟ್ಟಿತ್ತು, ತುಟಿ ಒಡೆದಿದ್ದವು. ಮಾವ ಕಣದಿಂದ ಆಗಷ್ಟೇ ಬಂದು ಪಡಸಾಲೆಯ ಕಂಬಕ್ಕೆ ಆತು ಕುಳಿತಿದ್ದರು. ಅತ್ತೆ ನೀರಿನ ತಂಬಿಗೆ ತಂದು ಮಗನ ಕೈಗೆ ಕೊಟ್ಟರು. ನಾನು ಅಡುಗೆಮನೆಯ ಬಾಗಿಲ ಹಿಂದೆ ನಿಂತೆ.

"ಗೆದ್ದೇನು?" ಎಂದರು ಮಾವ.

"ಇಲ್ಲಪ್ಪಾ. ಐದನೇದಾಂವ ಆದೆ."

ಅಂಗಡಿಯ ಬಾಗಿಲು, ತೂಕದ ಕಲ್ಲು, ಬೀಜದ ಚೀಲಗಳ ನಡುವೆ ಕುಳಿತ ಇವರು, ಎಲ್ಲ ನನ್ನ ಕಣ್ಣ ಮುಂದೆ ಬಂತು.

ಮಾವ ತಲೆಯ ರುಮಾಲು ತೆಗೆದು ತೊಡೆಯ ಮೇಲಿಟ್ಟುಕೊಂಡರು. ಆಮೇಲೆ ಕೇಳಿದರು. "ಚರಗದ ದಿನಾ ನಾ ಚಂಡ ಇಟ್ಟಿದ್ನೆಲ್ಲ. ಅಂಥಾದ ಬಂತೇನು?"

"ಬಂತು. ಕಡೀ ದಿನಾ, ಕಡೀ ಕುಣಿ."

"ಕೈ ನಡಗಿತೇನು?"

ಆಗ ನನಗೆ ತಿಳಿಯಿತು. ಚರಗದ ದಿನ ಎಲ್ಲರೂ ಚೆಂಡನ್ನು ನೋಡುತ್ತಿದ್ದಾಗ ಮಾವ ಮಗನ ಕೈಯನ್ನು ನೋಡಿದ್ದರು.

"ನಡಗಿತು. ಎಡಗೈ ಕೆಳಗ ಹಿಡದಿದ್ದೆ, ಮೊದಲನೇ ದಿನದಿಂದ ಮಂದಿ ನಗಾಕತ್ತಿದ್ರು. ಕೈ ನಡಗೂದ ನೋಡಿ ಹಿಂದಕ್ಕ ಸರದು ನಿಂತೆ. ನಡಗಿದ್ರ ನಡಗಲಿ ಅಂತ ಹೊಡದೆ."

"ಬಿತ್ತೇನು?"

"ಬಿತ್ತು."

"ಗೆಲ್ಲಲಿಲ್ಲ."

"ಇಲ್ಲ. ನನಗಿಂತ ಚಲೋ ಆಡಾವ್ರು ನಾಕ ಮಂದಿ ಇದ್ರು."

"ಮತ್ತೀಗ?"

ಇವರು ತಂಬಿಗೆಯನ್ನು ಕೆಳಗಿಟ್ಟರು. "ನೀ ಅಂಗಡ್ಯಾಗ ಕುಂಡ್ರು ಅಂದ್ರ ಕುಂಡ್ರತೇನಪ್ಪಾ, ಮಾತ ಕೊಟ್ಟೇನಿ. ಬಿಟ್ರ ಮತ್ತ ಆಡ್ತೇನಿ."

ಹೊರಗೆ ಎತ್ತೊಂದು ಗೋದಲಿಯಲ್ಲಿ ಜೋಳದ ಕಣಿಕೆ ಜಗಿಯುವ ಸದ್ದು ಕೇಳುತ್ತಿತ್ತು. ಮಾವ ಮಗನ ಕೈಗಳನ್ನೇ ನೋಡುತ್ತಿದ್ದರು. ಬೆರಳ ಬುಡದಲ್ಲಿ ಜಡ್ಡುಗಟ್ಟಿದ್ದ ಆ ಕೈಗಳಿಗೂ, ನೇಗಿಲು ಹಿಡಿದು ಒರಟಾಗಿದ್ದ ತಮ್ಮ ಕೈಗಳಿಗೂ ಅಂಥ ಅಂತರವೇನೂ ಇರಲಿಲ್ಲ. ಆಮೇಲೆ ಅವರು ರುಮಾಲು ಕೊಡವಿ ಎದ್ದು, ಅಡುಗೆಮನೆಯ ಕಡೆ ಮುಖ ಮಾಡಿ ನನಗೆ ಕೇಳುವಂತೆ ಹೇಳಿದರು.

"ಅವಗ ತಾಟ ಹಾಕ್ರಿ. ದುಡದ ಬಂದಾನ."